ಬೇಲಿಯೋ, ಅಕ್ಕಡಿಯೋ, ಮರವೋ: ದಾವಣಗೆರೆ–ಚಿತ್ರದುರ್ಗದ ಹೊಲಕ್ಕೆ ಯಾವುದು ಹೊಂದುತ್ತದೆ?

ಮುಂಗಾರು ಹತ್ತಿರವಾದಂತೆ ಬದುವಿಗೆ ಬೇಲಿಯೋ ಮರವೋ, ಹೊಲದೊಳಗೆ ಅಕ್ಕಡಿಯೋ (ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು), ಏನು ಹಾಕೋಣ ಎಂಬ ಮಾತು ಏಳುತ್ತದೆ. ನರ್ಸರಿಯವರು ಹೆಬ್ಬೇವು ಎನ್ನುತ್ತಾರೆ. ಪಕ್ಕದ ಹೊಲದವರು ಏನೂ ಬೇಡ, ಟ್ರ್ಯಾಕ್ಟರ್ ತಿರುಗಿಸಲು ಜಾಗ ಇರಲಿ ಎನ್ನುತ್ತಾರೆ. ಸಾವಯವ ಕೃಷಿಯ ಸಭೆಗೆ ಹೋಗಿ ಬಂದವರು ಎಲ್ಲವನ್ನೂ ಹಾಕಿ ಎನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ನಿಮ್ಮ ಹೊಲದ ಸುತ್ತ ಏನಿದೆ ಎಂದು ಮೂವರಲ್ಲಿ ಒಬ್ಬರೂ ಕೇಳುವುದಿಲ್ಲ.

ಕೇಳಬೇಕಾದದ್ದು ಅದನ್ನೇ. ಹುಳ ತಿನ್ನುವ ಹಕ್ಕಿ, ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಸಣ್ಣ ಕಣಜ, ಪರಾಗ ಹೊರುವ ಜೇನು, ಇವು ಯಾವುವೂ ನಿಮ್ಮ ಸರ್ವೆ ನಂಬರಿನ ಗಡಿ ನೋಡಿ ಬದುಕುವುದಿಲ್ಲ. ಸುತ್ತಣ ನೆಲವೆಲ್ಲ ಒಂದೇ ಬೆಳೆಯ ಹಾಸಾಗಿದೆಯೇ, ಇಲ್ಲ ನಡುನಡುವೆ ಹಳ್ಳ, ಗುಡ್ಡ, ಕಾವಲು (ದನ ಮೇಯುವ ಹುಲ್ಲುಗಾವಲು), ತೋಪು ಉಳಿದಿವೆಯೇ ಎಂಬುದರ ಮೇಲೆ ಅವುಗಳ ಬರವು ನಿಂತಿದೆ. ಜಗತ್ತಿನ ಬೇರೆ ಬೇರೆ ಕಡೆಯ 89 ಅಧ್ಯಯನಗಳಿಂದ 1,475 ಸ್ಥಳಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2019ರಲ್ಲಿ ಪ್ರಕಟವಾಯಿತು. ಕೃಷಿ ಪ್ರದೇಶ ಏಕರೂಪವಾದಾಗ ಪರಾಗಸ್ಪರ್ಶಕ್ಕೂ ಕೀಟ ಹತೋಟಿಗೂ ಬೀಳುವ ಪೆಟ್ಟಿನಲ್ಲಿ ಅರ್ಧದವರೆಗಿನ ಪಾಲು, ಆ ಕೆಲಸ ಮಾಡುವ ಜೀವಿಗಳ ಬಗೆಗಳೇ ಕಡಿಮೆಯಾಗುವುದರಿಂದ ಬರುತ್ತದೆ ಎಂದು ಅದು ತೋರಿಸಿತು. ಆದರೆ ಅದರ ಹಿಂದಿನ ವರ್ಷ, ಕೀಟ ಹತೋಟಿಯನ್ನೇ ಕುರಿತ 132 ಅಧ್ಯಯನಗಳನ್ನು ಒರೆಗೆ ಹಚ್ಚಿದವರಿಗೆ ಎಲ್ಲೆಡೆ ಒಂದೇ ಉತ್ತರ ಸಿಗಲಿಲ್ಲ. ಸುತ್ತ ಬೆಳೆಯಿಲ್ಲದ ಸಹಜ ನೆಲ ಹೆಚ್ಚಿದ್ದಲ್ಲಿ ಕೆಲವೆಡೆ ಕೀಟ ಇಳಿದಿತ್ತು, ಕೆಲವೆಡೆ ಏರಿತ್ತು. ಆದ್ದರಿಂದ ಗಿಡ ನೆಟ್ಟರೆ ಹುಳ ಹೋಗುತ್ತದೆ ಎಂದು ಭರವಸೆ ಕೊಡುವವರನ್ನು ಅಷ್ಟಕ್ಕೇ ನಂಬಬೇಡಿ.

ಮೊದಲು ಒಂದು ಕಿಲೋಮೀಟರ್ ಸುತ್ತ ನೋಡಿ

ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು, ನಿಮ್ಮ ಹೊಲವನ್ನು ನಡುವಿಗಿಟ್ಟು, ಸುತ್ತ ಒಂದು ಕಿಲೋಮೀಟರ್ ದೂರದ ವೃತ್ತವನ್ನು ಮನಸ್ಸಿನಲ್ಲೇ ಎಳೆಯಿರಿ. ಅದು ಸುಮಾರು 775 ಎಕರೆ. ಅದರಲ್ಲಿ ಉಳುಮೆಯಾಗದ ಹಸಿರು ಎಷ್ಟಿದೆ ಎಂದು ಅಂದಾಜು ಮಾಡಿ. ಹಳ್ಳದ ದಂಡೆ, ಕೆರೆಯ ಏರಿ, ಗೋಮಾಳ, ಕಾವಲು, ಕುರುಚಲು ಗುಡ್ಡ, ಹಳೆಯ ಹುಣಸೆ ತೋಪು, ದೇವರ ಬನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪಹಣಿಯಲ್ಲಿ ಅ ಖರಾಬು ಎಂದು ನಮೂದಾದ ಕಲ್ಲುನೆಲವನ್ನೂ ಬ ಖರಾಬಿನಲ್ಲಿರುವ ಹಳ್ಳವನ್ನೂ ಬಿಡಬೇಡಿ; ಕಂದಾಯದ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಈ ನೆಲವೇ ಇಲ್ಲಿ ನಿಮ್ಮ ಬಂಡವಾಳ. ಅಡಿಕೆ ತೋಟವನ್ನೂ ನೀಲಗಿರಿ ತೋಪನ್ನೂ ನಾನು ಸೇರಿಸುವುದಿಲ್ಲ. ಬಳ್ಳಾರಿ ಜಾಲಿಯ ಪೊದೆಗೆ ಅರ್ಧ ಅಂಕ ಕೊಡಬಹುದು: ನೆರಳಿಗೂ ಗೂಡಿಗೂ ಆಗುತ್ತದೆ, ಆದರೆ ತನ್ನ ಅಡಿಯಲ್ಲಿ ಬೇರೆಯದನ್ನು ಬೆಳೆಯಗೊಡುವುದಿಲ್ಲ.

ಈ ಲೆಕ್ಕ ಯಾಕೆಂದರೆ, ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ 2005ರಲ್ಲಿ ಮುಂದಿಟ್ಟ ವಾದವೊಂದು ನಮ್ಮ ಆಯ್ಕೆಗೆ ಬಹಳ ಉಪಯುಕ್ತ. ಸಹಜ ಸಸ್ಯವರ್ಗ ನೂರಕ್ಕೆ ಒಂದಕ್ಕಿಂತ ಕಡಿಮೆ ಇರುವ ಬೋಳು ಬಯಲಿನಲ್ಲಿ ಒಬ್ಬ ರೈತ ಎಷ್ಟು ಹೂಗಿಡ ನೆಟ್ಟರೂ ಬರಲು ಜೀವಿಗಳೇ ಉಳಿದಿರುವುದಿಲ್ಲ. ನೂರಕ್ಕೆ 20ಕ್ಕಿಂತ ಹೆಚ್ಚಿರುವಲ್ಲಿ ಅವು ಹೇಗೂ ಬರುತ್ತಿರುತ್ತವೆ, ನಿಮ್ಮ ಬೇಲಿಯಿಂದ ಹೆಚ್ಚೇನೂ ಸೇರದು. ನಡುವಿನ ಸ್ಥಿತಿಯಲ್ಲಿ ಮಾತ್ರ ಹಾಕಿದ ದುಡ್ಡಿಗೂ ಶ್ರಮಕ್ಕೂ ಎದ್ದು ಕಾಣುವ ಫಲವಿದೆ. ನಮ್ಮ ವೃತ್ತದಲ್ಲಿ ನೂರಕ್ಕೆ ಒಂದು ಎಂದರೆ ಎಂಟು ಎಕರೆ, ಇಪ್ಪತ್ತು ಎಂದರೆ 155 ಎಕರೆ. ಇವು ಯುರೋಪಿನ ಅನುಭವದಿಂದ ಬಂದ ಅಂಕಿಗಳು. ಗಡಿಕಲ್ಲಿನಂತೆ ಹಿಡಿಯದೆ ಅಂದಾಜಿಗೆ ಇಟ್ಟುಕೊಳ್ಳಿ.

ನಿಮ್ಮ ಬೆಳೆಗೆ ಬೇಕಾದ ಸೇವೆ ಯಾವುದು?

ಇದನ್ನು ಕೇಳದೆ ಜೇನುಪೆಟ್ಟಿಗೆ ತಂದವರು ಬಹಳ. ಮೆಕ್ಕೆಜೋಳಕ್ಕೆ ಪರಾಗ ಒಯ್ಯುವುದು ಗಾಳಿ. ಭತ್ತ, ಶೇಂಗಾ ತಮ್ಮ ಹೂವಿನಲ್ಲೇ ಕೆಲಸ ಮುಗಿಸಿಕೊಳ್ಳುತ್ತವೆ. ಈ ಮೂರನ್ನೇ ಬೆಳೆಯುವವರಿಗೆ ಬೇಕಾದದ್ದು ಹುಳ ತಿನ್ನುವವರು ಮತ್ತು ಮಣ್ಣು ಹಿಡಿಯುವ ಬೇರು. ಸೂರ್ಯಕಾಂತಿಯ ಕಥೆ ಬೇರೆ. ಜೇನು ಬಾರದಿದ್ದರೆ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಸೌತೆ, ಕುಂಬಳ, ಹಾಗಲದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಕೀಟ ಬಾರದೆ ಕಾಯಿಯಿಲ್ಲ. ಚಿತ್ರದುರ್ಗ ಜಿಲ್ಲೆಯ ಈರುಳ್ಳಿ ಬೆಳೆಗಾರರಲ್ಲಿ ಗಡ್ಡೆ ಮಾರುವವರಿಗೆ ಜೇನಿನ ಹಂಗಿಲ್ಲ, ಬೀಜಕ್ಕೆ ಬಿಡುವವರಿಗೆ ಜೇನೇ ಎಲ್ಲ. ಸಹಜ ಸಸ್ಯವರ್ಗದಿಂದ ಸುಮಾರು 600 ಮೀಟರ್ ದೂರ ಹೋಗುವಷ್ಟರಲ್ಲಿ ಕಾಡುಜೇನು ಮೊದಲಾದವು ಬೆಳೆಯ ಹೂವಿಗೆ ಬರುವುದು ಅರ್ಧಕ್ಕಿಳಿಯುತ್ತದೆ ಎಂದು 2008ರ ಸಂಗ್ರಹ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೂರ್ಯಕಾಂತಿ ಬಿತ್ತುವವರು ಯಾವ ತಾಕು ಗುಡ್ಡಕ್ಕೋ ಹಳ್ಳಕ್ಕೋ ಹತ್ತಿರ ಎಂದು ನೋಡಿ ಅಲ್ಲಿ ಬಿತ್ತಿದರೆ ಒಂದು ರೂಪಾಯಿ ಖರ್ಚಿಲ್ಲದೆ ಲಾಭವಿದೆ.

ಮೆಕ್ಕೆಜೋಳದ ಬಯಲು: ಮೂರರಲ್ಲಿ ಯಾವುದು?

ದಾವಣಗೆರೆ ಸುತ್ತಿನ ಎರೆ (ಕಪ್ಪು ಮಣ್ಣು) ಮತ್ತು ಮಸಾರಿ (ಕೆಂಪು ಮಣ್ಣು) ಹೊಲಗಳಲ್ಲಿ ಒಂದು ಕಾಲಕ್ಕೆ ಹತ್ತಿ, ಜೋಳ, ಸಜ್ಜೆ, ನವಣೆ, ತೊಗರಿ ಕಲಸಿಕೊಂಡಿದ್ದವು. ಈಗ ಆಗಸ್ಟಿನಲ್ಲಿ ಯಾವ ಊರಿನ ಏರಿಯ ಮೇಲೆ ನಿಂತರೂ ಕಣ್ಣು ಹಾಯುವವರೆಗೆ ಮೆಕ್ಕೆಜೋಳ. ಹೊಲಗಳೇನೋ ಸಣ್ಣವು, 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಸಣ್ಣ ಹೊಲಕ್ಕೆ ಅದರದೇ ಆದ ಅನುಕೂಲವಿದೆ. ಯುರೋಪ್ ಮತ್ತು ಉತ್ತರ ಅಮೆರಿಕದ 435 ಪ್ರದೇಶಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಲದ ಸರಾಸರಿ ಅಳತೆ 5 ಹೆಕ್ಟೇರಿನಿಂದ 2.8ಕ್ಕೆ ಇಳಿದರೆ ಜೀವವೈವಿಧ್ಯಕ್ಕೆ ಆಗುವ ಲಾಭವು ಸಹಜ ಸಸ್ಯವರ್ಗ ನೂರಕ್ಕೆ 0.5ರಿಂದ 11ಕ್ಕೆ ಏರಿದಷ್ಟೇ ಇತ್ತು. ಅಲ್ಲಿನವರು ಹೊಲ ಒಡೆದು ಪಡೆಯಬೇಕಾದದ್ದು ನಮಗೆ ಪಾಲುಪಟ್ಟಿಯಿಂದಲೇ ದಕ್ಕಿದೆ. ಆದರೆ ಹತ್ತು ಮಂದಿಯ ಹತ್ತು ತಾಕುಗಳಲ್ಲಿ ಒಂದೇ ವಾರ ಬಿತ್ತಿದ ಒಂದೇ ಬೆಳೆಯಿದ್ದು, ನಡುವಿನ ಬದುವನ್ನೂ ಕೆತ್ತಿ ಕಳೆನಾಶಕ ಹೊಡೆದರೆ, ಹುಳಕ್ಕೆ ಅದು ಒಂದೇ ದೊಡ್ಡ ಹೊಲ. 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಡ, ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಇಲ್ಲಿ ಹಬ್ಬಿದ ವೇಗವನ್ನು ನೆನಪಿಸಿಕೊಂಡರೆ ಸಾಕು.

ಅಕ್ಕಡಿ ಸಾಲು ಇಲ್ಲಿ ನನ್ನ ಮೊದಲ ಆಯ್ಕೆ. ಖರ್ಚು ಬೀಜದ್ದು ಮಾತ್ರ, ಫಲ ಅದೇ ಹಂಗಾಮಿನಲ್ಲಿ. ಆರು ಅಥವಾ ಎಂಟು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿಯನ್ನೋ ಅಲಸಂದೆಯನ್ನೋ ಹಾಕಿ, ತಿಂಗಳ ಮೇಲೆ ಹೋಗಿ ಅಲಸಂದೆಯ ಕುಡಿಯನ್ನು ತಿರುವಿ ನೋಡಿ. ಕಪ್ಪು ಹೇನು ಮೆತ್ತಿಕೊಂಡಿರುತ್ತದೆ. ಗಾಬರಿಯಾಗಿ ಪಂಪು ಹೆಗಲಿಗೇರಿಸಬೇಡಿ. ಆ ಹೇನಿಗೆ ಮೆಕ್ಕೆಜೋಳ ರುಚಿಸದು. ಅದನ್ನು ತಿನ್ನಲು ಬರುವ ಗುಲಗಂಜಿ ಹುಳು ಮತ್ತದರ ಮರಿಗಳು ಪಕ್ಕದ ಸುಳಿಯಲ್ಲಿರುವ ಸೈನಿಕ ಹುಳುವಿನ ಮೊಟ್ಟೆಯನ್ನೂ ಎಳೆ ಮರಿಯನ್ನೂ ಬಿಡುವುದಿಲ್ಲ. ಹೊಲದೊಳಗೇ ಹೀಗೆ ಮಿತ್ರಕೀಟಗಳ ಊಟದ ಮನೆಯಿರುವುದು ಮುಖ್ಯ. ಯಾಕೆಂದರೆ ಟ್ರೈಕೋಗ್ರಾಮಾದಂತಹ ಮೊಟ್ಟೆಯ ಕಣಜಗಳ ಹಾರಾಟ ಕೆಲವು ಹತ್ತು ಮೀಟರ್ ಅಷ್ಟೇ. ಆ ಕಣಜ ಹೊರಬರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡನ್ನು ಹೊಲದ ಒಂದು ಮೂಲೆಯಲ್ಲಿ ನೇತುಹಾಕದೆ ಹಲವು ಕಡೆ ಹಂಚಿ ಕಟ್ಟಿರೆಂದು ಹೇಳುವುದು ಇದಕ್ಕೇ.

ಅಕ್ಕಡಿಗೆ ನಿಜವಾದ ಅಡ್ಡಿ ಅಟ್ರಾಜಿನ್ ಎಂಬ ಕಳೆನಾಶಕ. ಬಿತ್ತಿದ ಕೂಡಲೇ ಅದನ್ನು ಸಿಂಪಡಿಸುವ ರೂಢಿಯಿರುವ ಕಡೆ ದ್ವಿದಳ ಧಾನ್ಯ ಏಳುವುದೇ ಇಲ್ಲ. ಅಕ್ಕಡಿ ಹಾಕುವುದಾದರೆ ಪೆಂಡಿಮೆಥಾಲಿನ್‌ಗೆ ಬದಲಾಗಬೇಕು, ಇಲ್ಲವೇ ಎಡೆಕುಂಟೆಗೆ ಮರಳಬೇಕು. ಯಂತ್ರದಿಂದ ಕಟಾವು ಮಾಡಿಸುವವರಿಗೆ ತೊಗರಿ ಸಾಲು ತಲೆನೋವು. ಅವರು ಹೊಲದೊಳಗೆ ಬೇಗ ಮುಗಿಯುವ ಅಲಸಂದೆಗೆ ನಿಂತು, ತೊಗರಿಯನ್ನು ಅಂಚಿಗೆ ಸರಿಸುವುದು ಒಳ್ಳೆಯದು.

ಬೇಲಿ ಸಾಲು ಎರಡನೆಯದು. ನಿಧಾನ, ಆದರೆ ಅಕ್ಕಡಿಗೆ ಆಗದ ಕೆಲಸವೊಂದನ್ನು ಮಾಡುತ್ತದೆ. ನಮ್ಮ ಮಧ್ಯ ಒಣವಲಯದಲ್ಲಿ ಜೀವಿಗಳಿಗೆ ಕಷ್ಟಕಾಲವೆಂದರೆ ಸುಗ್ಗಿಯಿಂದ ಮುಂಗಾರಿನವರೆಗಿನ ಬರಡು ತಿಂಗಳುಗಳು. ಜನವರಿಯಿಂದ ಮೇವರೆಗೆ ಹೊಲದಲ್ಲಿ ಹೂವಿಲ್ಲ, ನೆರಳಿಲ್ಲ, ಹುಳವೂ ಇಲ್ಲ. ಆಗ ಬದುವಿನಲ್ಲಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಎಲೆ ಉದುರಿಸಿ ಗುಲಾಬಿ ಹೂ ಬಿಟ್ಟಿದ್ದರೆ, ಯುಗಾದಿ ಹೊತ್ತಿಗೆ ಬೇವು ಹೂವಾದರೆ, ಆಮೇಲೆ ಹೊಂಗೆ ಬಂದರೆ, ಕಣಜ–ಜೇನುಗಳು ಜೂನಿನವರೆಗೆ ಜೀವ ಹಿಡಿದುಕೊಳ್ಳುತ್ತವೆ. ಲಕ್ಕಿ, ತಂಗಡಿಗಳ ಹೂ ವರ್ಷದಲ್ಲಿ ಬಹುಕಾಲ ಇರುತ್ತದೆ.

ಬೇಲಿ ಎಂದರೆ ಎಷ್ಟು ನೆಲ ಹೋಗುತ್ತದೋ ಎಂಬ ಭಯ ಎಲ್ಲರಿಗೂ ಇದೆ. ಚೌಕಾಕಾರದ ಒಂದು ಎಕರೆಯ ಒಂದು ಬದಿ ಸುಮಾರು 64 ಮೀಟರ್. ಮೀಟರ್ ಅಗಲದ ಬೇಲಿ ಹಾಕಿದರೆ 64 ಚದರ ಮೀಟರ್, ಅಂದರೆ ಮುಕ್ಕಾಲು ಗುಂಟೆಗೂ ಕಡಿಮೆ. ಬದು ಹೇಗೂ ಉಳುಮೆಯ ನೆಲವಲ್ಲ. ಹಾಕುವುದಾದರೆ ಇಳಿಜಾರಿಗೆ ಅಡ್ಡವಾಗಿರುವ ಬದುವನ್ನೇ ಆರಿಸಿ. ಅದೇ ಶ್ರಮಕ್ಕೆ ಮಣ್ಣೂ ನಿಲ್ಲುತ್ತದೆ, ಎರೆ ನೆಲದಲ್ಲಂತೂ ಇದು ಸಣ್ಣ ಮಾತಲ್ಲ. ಗಿಡದ ಆಯ್ಕೆಯಲ್ಲಿ ಮೇಕೆಯನ್ನು ಮರೆಯಬೇಡಿ. ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಕುರಿ ಮಂದೆ ಇಳಿಯುತ್ತದೆ, ಅದನ್ನು ತರುಬಿಸಿ ಗೊಬ್ಬರ ಪಡೆಯುವುದೂ ಬೇಕು. ಲಕ್ಕಿ, ತಂಗಡಿ, ಕತ್ತಾಳೆಗೆ ಅವು ಬಾಯಿ ಹಾಕುವುದಿಲ್ಲ. ಗೊಬ್ಬರದ ಗಿಡಕ್ಕೆ ಹಾಕುತ್ತವೆ, ಆದ್ದರಿಂದ ಅದು ಎತ್ತರಕ್ಕೆ ಬೆಳೆಯುವವರೆಗೆ ಮುಳ್ಳು ಕಟ್ಟಬೇಕು.

ಮರ ಮೂರನೆಯದು. ಇದನ್ನು ಹೇಳಿದರೆ ಮರಪ್ರಿಯರು ಸಿಟ್ಟಾಗುತ್ತಾರೆ, ಆಗಲಿ. ಹಕ್ಕಿ ಕೂರಲು ಮರ ಬೇಕೆಂಬ ಮಾತು ನಿಜ. ಕಾಜಾಣ, ನೀಲಕಂಠ ಎತ್ತರದಲ್ಲಿ ಕುಳಿತೇ ಹುಳ ಹುಡುಕುವುದು. ಆದರೆ ಸಸಿ ಅಷ್ಟೆತ್ತರ ಬರಲು ಐದಾರು ವರ್ಷ ಬೇಕು. ಬಿತ್ತಿದ ಮೊದಲ ತಿಂಗಳಲ್ಲಿ ಎಕರೆಗೆ ಹತ್ತರಂತೆ ಟಿ ಆಕಾರದ ಕೋಲು ನೆಟ್ಟರೆ ಆ ಕೆಲಸ ಈ ವರ್ಷವೇ ನಡೆಯುತ್ತದೆ. ಸೈನಿಕ ಹುಳು ಹತೋಟಿಯ ಶಿಫಾರಸಿನಲ್ಲಿ ಇದೂ ಇದೆ. ಮರದ ನೆರಳಿನಡಿ ಮೆಕ್ಕೆಜೋಳ ಸೊರಗುವುದು ಸುಳ್ಳಲ್ಲ. ಹಾಕುವವರು ಹೊಲದ ಉತ್ತರ ಬದುವಿಗೆ, ದೂರ ದೂರಕ್ಕೆ, ಬೇವು, ಹೊಂಗೆ, ಹುಣಸೆಯಂತಹ ಇಲ್ಲಿನವನ್ನೇ ಹಾಕಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಅರಣ್ಯ ಇಲಾಖೆ ಮೂರು ವರ್ಷ ಪ್ರೋತ್ಸಾಹಧನ ಕೊಡುವುದರಿಂದ ಮರಕ್ಕೆ ದುಡ್ಡಿನ ಆಕರ್ಷಣೆಯೂ ಇದೆ. ಇಡೀ ಬದುವಿಗೆ ಒಂದೇ ಜಾತಿಯ ಹೆಬ್ಬೇವನ್ನು ಸಾಲುಗಟ್ಟುವುದು ಆದಾಯದ ಲೆಕ್ಕಕ್ಕೆ ಸರಿಯಿರಬಹುದು, ಅದಕ್ಕೆ ಜೀವವೈವಿಧ್ಯ ಎಂಬ ಹೆಸರು ಬೇಡ.

ಭದ್ರಾ ನಾಲೆಯ ಭತ್ತದ ಗದ್ದೆಗಳಿಗೆ ಬೇಲಿ, ಮರ ಎರಡೂ ಒಗ್ಗವು. ಅಲ್ಲಿ ಬದುವಿನ ಮೇಲೆ ಎಳ್ಳು ಚೆಲ್ಲಿ. ಚೀನಾ, ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಗದ್ದೆಯ ಅಂಚಿಗೆ ಎಳ್ಳಿನಂತಹ ಮಕರಂದದ ಬೆಳೆ ಹಾಕಿ ನಾಲ್ಕು ವರ್ಷ ನೋಡಿದ ಪ್ರಯೋಗದಲ್ಲಿ ಕೀಟನಾಶಕದ ಸಿಂಪಡಣೆ ನೂರಕ್ಕೆ 70ರಷ್ಟು ಇಳಿದು, ಇಳುವರಿ ನೂರಕ್ಕೆ 5ರಷ್ಟು ಏರಿತ್ತು. ಭತ್ತದ ರೈತರಿಗೆ ಇದಕ್ಕಿಂತ ಅಗ್ಗದ ಆಯ್ಕೆ ನನಗೆ ಕಂಡಿಲ್ಲ.

ಚಳ್ಳಕೆರೆ, ಜಗಳೂರು: ನೆಡುವುದಕ್ಕಿಂತ ಬಿಡುವುದು

ಇಲ್ಲಿ ವೃತ್ತ ಎಳೆದರೆ ಚಿತ್ರ ಬೇರೆ. ಗುಡ್ಡ, ಗೋಮಾಳ, ಹುಲ್ಲುಗಾವಲು ಇನ್ನೂ ಇವೆ. ಜಗಳೂರಿನ ಬದಿಯಲ್ಲಿ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಧಾಮವಿದೆ. ಚಳ್ಳಕೆರೆಯ ಕುದಾಪುರದತ್ತ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಪಾಲಾದ ಮೇಲೂ ಅಲ್ಲಲ್ಲಿ ಕಾವಲಿನ ತುಂಡುಗಳು ಉಳಿದಿವೆ. ಇಂಥ ಕಡೆ ಕಾವಲನ್ನು ಬಂಜರೆಂದು ಬಗೆದು ಗುಂಡಿ ತೋಡಿ ಸಸಿ ನೆಡುವುದು ಕೆಟ್ಟ ಆಯ್ಕೆ. ಹುಲ್ಲು ಬಂಜರಲ್ಲ. ಕೌಜುಗ ಮೊಟ್ಟೆಯಿಡುವುದು ಹುಲ್ಲಿನ ಬುಡದಲ್ಲಿ, ಅನೇಕ ಒಂಟಿ ಜೇನುಗಳು ಗೂಡು ಕೊರೆಯುವುದು ಉಳದ ಗಟ್ಟಿ ನೆಲದಲ್ಲಿ. ನೆರಳು ಬಿದ್ದರೆ ಎರಡಕ್ಕೂ ಇರವಿಲ್ಲ, ದನಕ್ಕೂ ಮೇವಿಲ್ಲ.

ಶೇಂಗಾದ ಹೊಲದಲ್ಲಿ ಬೇಲಿಗಿಂತ ಅಂಚಿನ ಬೆಳೆಗೆ ಮೊದಲ ಮಣೆ. ಕಾರಣ ಗಟ್ಟಿಯಾದದ್ದು. 2000ದಲ್ಲಿ ಪಕ್ಕದ ಅನಂತಪುರದಲ್ಲಿ ಶೇಂಗಾಕ್ಕೆ ಕಾಂಡ ಕೊಳೆಸುವ ನಂಜುರೋಗ ಬಡಿಯಿತು. ರೋಗದ ಬೀಡು ಕಾಂಗ್ರೆಸ್ ಗಿಡ. ಅದರ ಪರಾಗದೊಂದಿಗೆ ನಂಜನ್ನು ಹೊತ್ತು ತರುವುದು ಥ್ರಿಪ್ಸ್ ನುಸಿ. ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಕೆಲವು ಸಾಲು ಒತ್ತಾಗಿ ಬಿತ್ತಿದರೆ ಗಾಳಿಯಲ್ಲಿ ಬರುವ ನುಸಿಗೆ ತಡೆಯಾಗುತ್ತದೆ, ಸೂರ್ಯಕಾಂತಿಗೂ ಇದೇ ಉಪಾಯ. ಬದುವನ್ನು ಸಹಜವಾಗಿ ಬಿಡಿ ಎಂದರೆ ಕಾಂಗ್ರೆಸ್ ಗಿಡವನ್ನೂ ಬಿಡಿ ಎಂದಲ್ಲ. ಹೂ ಬಿಡುವ ಮೊದಲೇ ಅದನ್ನು ಕಿತ್ತು, ಆ ಜಾಗಕ್ಕೆ ತಂಗಡಿ ಬೀಜ ಎರಚಿ.

ಬೇಲಿ–ಮರಗಳ ಇನ್ನೊಂದು ಕೆಡುಕೂ ಶೇಂಗಾ ಸೀಮೆಗೆ ಸೇರಿದ್ದು. ಕಂಬಳಿಹುಳು ಕೋಶವಾಗಿ ಮಣ್ಣಿನಲ್ಲಿ ಅಡಗುವುದು ಹೆಚ್ಚಾಗಿ ಬದುವಿನಲ್ಲಿ, ಮರದ ನೆರಳಿನ ತಂಪಿನಲ್ಲಿ. ಮುಂಗಾರಿನ ಮೊದಲ ಒಳ್ಳೆಯ ಮಳೆಗೆ ಪತಂಗಗಳು ಒಟ್ಟಿಗೇ ಏಳುತ್ತವೆ. ಕಂಬಳಿಹುಳುವಿನ ಕಾಟ ಪದೇ ಪದೇ ಬರುವ ಊರಾದರೆ ಹೊಸ ಬೇಲಿಗೆ ಆತುರ ಬೇಡ. ಇರುವ ಬದುವಿನ ಬುಡವನ್ನು ಬೇಸಿಗೆಯಲ್ಲಿ ಕೆದಕಿ ಕೋಶಗಳನ್ನು ಬಿಸಿಲಿಗೂ ಹಕ್ಕಿಗೂ ಒಡ್ಡಿ, ಮೊದಲ ಮಳೆಯ ರಾತ್ರಿ ಊರವರೆಲ್ಲ ಸೇರಿ ಬೆಂಕಿಯನ್ನೋ ದೀಪದ ಬಲೆಯನ್ನೋ ಹಾಕಿ. ನವಿಲು, ಕಾಡುಹಂದಿಗಳ ಉಪದ್ರವವೂ ಗುಡ್ಡದಂಚಿನ ಹೊಲಕ್ಕೆ ತಪ್ಪಿದ್ದಲ್ಲ. ಅಲ್ಲಿ ದಟ್ಟ ಪೊದೆಯ ಬೇಲಿ ಹಂದಿಗೆ ಅಡಗುತಾಣವಾದೀತು.

ಅಡಿಕೆ ಕಡೆಯವರಿಗೆ

ಚನ್ನಗಿರಿ, ಹೊಳಲ್ಕೆರೆಯ ತೋಟಗಾರರು ನಮ್ಮದು ಹಸಿರೇ ಅಲ್ಲವೇ ಎನ್ನುತ್ತಾರೆ. ಹಸಿರು ಹೌದು. ಆದರೆ ಹಳೆಯ ತೋಟದಲ್ಲಿ ಬಾಳೆ, ಮೆಣಸು, ಕೋಕೋ, ನಿಂಬೆ ಸೇರಿ ಮೂರು ಅಂತಸ್ತು ಇರುತ್ತದೆ. ಕೊಳವೆಬಾವಿ ನಂಬಿ ಹೊಸದಾಗಿ ಹಾಕಿದ ತೋಟದಲ್ಲಿ ಕಂಬದಂತಹ ಅಡಿಕೆ, ಕೆಳಗೆ ಗುಡಿಸಿದಂತಹ ಬರಿ ನೆಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಗುಡ್ಡಕ್ಕೆ ಅಂಟಿದ ತೋಟವಾದರೆ ಹೊಸ ಬೇಲಿಗೆ ದುಡ್ಡು ಸುರಿಯಬೇಡಿ. ನೆಲಕ್ಕೆ ಹಸಿರು ಹೊದಿಕೆ ಬಿಟ್ಟು, ನಡುವೆ ಬಾಳೆಯೋ ಕೋಕೋವೋ ತಂದರೆ ಸಾಕು. ಬಯಲಿನ ನಡುವೆ ಎದ್ದ ತೋಟವಾದರೆ ಮೆಕ್ಕೆಜೋಳದವರಿಗೆ ಹೇಳಿದ ಬೇಲಿಯ ಮಾತೇ ಅನ್ವಯ.

ಕೃಷಿ ಹೊಂಡದ ಬಗ್ಗೆ ಎರಡು ಮಾತು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಭೂಮಿಯಲ್ಲಿ ಹೊಂಡಗಳು ಎದ್ದಿವೆ. ಬೇಸಿಗೆಯಲ್ಲಿ ಜೇನಿಗೂ ಹಕ್ಕಿಗೂ ನೀರು ಸಿಗುವ ಜಾಗ ಅದು. ಆದರೆ ಪ್ಲಾಸ್ಟಿಕ್ ಹಾಸಿದ ಕಡಿದಾದ ಗೋಡೆಯಲ್ಲಿ ಇಳಿದದ್ದು ಹತ್ತಲಾರದು. ಒಂದು ಮೂಲೆಗೆ ಹಳೆಯ ಗೋಣಿಯನ್ನು ಹಗ್ಗಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ.

ಒಬ್ಬರಿಂದ ಆಗದ ಆಯ್ಕೆ

ವೃತ್ತದಲ್ಲಿ ಎಂಟು ಎಕರೆಯೂ ಹಸಿರು ಕಾಣದವರು ತಮ್ಮೊಬ್ಬರ ಹೊಲಕ್ಕೆ ಖರ್ಚು ಮಾಡುವ ಮೊದಲು ಹಳ್ಳವನ್ನು ನೋಡಬೇಕು. ಬಯಲಿನ ಎಷ್ಟೋ ಊರುಗಳಲ್ಲಿ ಉಳಿದಿರುವ ಸಹಜ ನೆಲವೆಂದರೆ ಹಳ್ಳದ ಎರಡು ದಂಡೆ ಮಾತ್ರ. ಅದೂ ವರ್ಷಕ್ಕೆ ಒಂದೆರಡು ಸಾಲಿನಂತೆ ಉಳುಮೆಗೆ ಸೇರುತ್ತಾ, ಮರಳಿಗೆ ಬಲಿಯಾಗುತ್ತಾ ಸವೆಯುತ್ತಿದೆ. ಊರಿಂದೂರಿಗೆ ತುಂಡಾಗದೆ ಹರಿಯುವ ಈ ದಂಡೆಯೇ ಗುಡ್ಡದ ಕಡೆಯ ಜೀವಿಗಳು ಬಯಲಿಗೆ ಬರುವ ದಾರಿ. ಅದು ಬ ಖರಾಬಿನಲ್ಲಿದ್ದರೆ ಸಾರ್ವಜನಿಕ ನೆಲ. ಒತ್ತುವರಿಯಾಗಿದೆಯೇ ಎಂಬುದು ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪಿನಲ್ಲಿ ಮೇಲ್ನೋಟಕ್ಕೆ ತಿಳಿಯುತ್ತದೆ, ಖಚಿತವಾಗಲು ಸರ್ವೆಗೆ ಅರ್ಜಿ ಕೊಡಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಅದನ್ನು ಕೇಳಿ ತೆಗೆಸಿ, ಹಳ್ಳದ ದಂಡೆ ಅದರಲ್ಲಿ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಸರ್ವೆ ನಂಬರ್ ಸಮೇತ ಬರೆಸಿ.